ಕಂಟ್ರಿ ಸಂಗೀತ ಎಲ್ಲಿಂದ ಕೇಳೋದು?

ಅಮೆರಿಕದ ಹಳ್ಳಿ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತ ಕೇಳೋಣ ಅಂತ ಒಂದು ಪ್ಲೇಲಿಸ್ಟ್ ಹಾಕಿದರೆ ಬರೀ ಟ್ರಕ್ಕು, ಬಿಯರ್ ಹಾಡುಗಳೇ ಸಿಗುತ್ತವೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಅದಕ್ಕೆ ಆ ಪ್ಲೇಲಿಸ್ಟೇ ಕಾರಣ ಇರಬೇಕು. ಅಂಥವುಗಳಲ್ಲಿ ಸಾಮಾನ್ಯವಾಗಿ 2010ರ ದಶಕದ ರೇಡಿಯೋ ಹಿಟ್‌ಗಳೇ ಜಾಸ್ತಿ. ಅಮೆರಿಕದಲ್ಲೇ ಅದಕ್ಕೆ 'ಬ್ರೋ ಕಂಟ್ರಿ' ಅಂತ ಹೆಸರಿಟ್ಟು ಬೈದವರಿದ್ದಾರೆ. ಅದನ್ನು ಬಿಡಿ, ಗಾಯಕರ ಹೆಸರು ಹಾಕಿ ಹುಡುಕಿ.

ಮೊದಲು ಕಾರ್ಟರ್ ಫ್ಯಾಮಿಲಿ ಅನ್ನೋ ತಂಡ, 1927ರಲ್ಲಿ ಅಮೆರಿಕದ ಬ್ರಿಸ್ಟಲ್‌ನಲ್ಲಿ ರೆಕಾರ್ಡ್ ಆದವರು. ಆಗ ಇದನ್ನು 'ಹಿಲ್‌ಬಿಲಿ', ಅಂದ್ರೆ ಗುಡ್ಡಗಾಡಿನ ಹಳ್ಳಿಗಮಾರರ ಹಾಡು ಅಂತ ಕರೆದು ಮಾರುತ್ತಿದ್ದರು. ಮೇಬೆಲ್ ಕಾರ್ಟರ್ ಗಿಟಾರ್ ಗಮನವಿಟ್ಟು ಕೇಳಿ, ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಹಾಡಿನ ಧಾಟಿ ನುಡಿಸುತ್ತಿರುತ್ತೆ, ತೋರುಬೆರಳು ತೆಳು ತಂತಿಗಳಲ್ಲಿ ಲಯ ಹಿಡಿದಿರುತ್ತೆ, ಎರಡೂ ಒಬ್ಬರದೇ ಕೈ!

ಆಮೇಲೆ ಗಾಯಕ ಹ್ಯಾಂಕ್ ವಿಲಿಯಮ್ಸ್. ನಂತರ ಗಾಯಕಿ ಪ್ಯಾಟ್ಸಿ ಕ್ಲೈನ್, ಇವರದು ನುಣುಪು ಧಾಟಿ. ರಾಕ್ ಅಂಡ್ ರೋಲ್ ಕೇಳುಗರನ್ನು ಸೆಳೆದುಕೊಂಡಾಗ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ನಗರದ ನಿರ್ಮಾಪಕರು ಹಳ್ಳಿಯ ಫಿಡಲ್ (ಪಿಟೀಲು) ಕಮ್ಮಿ ಮಾಡಿ ಪಿಯಾನೋ, ಕೋರಸ್ ತಂದರು. ಆ ನುಣುಪು ಬೇಡ ಅಂತ 1970ರ ದಶಕದಲ್ಲಿ ತಿರುಗಿಬಿದ್ದವರು ವಿಲ್ಲಿ ನೆಲ್ಸನ್, ವೇಲನ್ ಜೆನ್ನಿಂಗ್ಸ್. ನಿಮಗೆ ಇವರೇ ಹಿಡಿಸಬಹುದು, ಖಚಿತವಾಗಿ ಹೇಳಲಾರೆ.

ಇದು ಬಿಳಿಯರದ್ದು ಮಾತ್ರ ಅಲ್ವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಕಂಟ್ರಿಯಲ್ಲಿ ನುಡಿಸುವ ತಂತಿವಾದ್ಯ ಬ್ಯಾಂಜೋ ಬಂದದ್ದೇ ಆಫ್ರಿಕಾ ಮೂಲದವರಿಂದ. 2025ರಲ್ಲಿ ಕಂಟ್ರಿ ಆಲ್ಬಂಗೆ ಗ್ರ್ಯಾಮಿ ಪ್ರಶಸ್ತಿ ಗೆದ್ದದ್ದು ಕಪ್ಪು ಗಾಯಕಿ ಬಿಯಾನ್ಸೆ. ಆದರೆ ಅವರ ಹಾಡಿಗಿಂತ ಮೊದಲು ಹಿಂದಿನ ಕಪ್ಪು ಕಂಟ್ರಿ ಗಾಯಕ ಚಾರ್ಲಿ ಪ್ರೈಡ್ ಕೇಳಿ.