ಶಸ್ತ್ರಚಿಕಿತ್ಸೆಯ ನಂತರ ಚರ್ಮದ ಮೇಲೆ ಇರಿಸುವ ಟೆನ್ಸ್ ಯಂತ್ರ ನೋವನ್ನು ಹೇಗೆ ತಗ್ಗಿಸುತ್ತದೆ?

ಚರ್ಮದ ಮೂಲಕ ಅಲ್ಪ ವಿದ್ಯುತ್ತನ್ನು ಹರಿಸಿ ನರಗಳನ್ನು ಪ್ರಚೋದಿಸುವ ಪುಟ್ಟ ಸಾಧನವಾದ ಟೆನ್ಸ್ (TENS) ಯಂತ್ರವು ಗಾಯವನ್ನು ಮಾಯಿಸುವುದಿಲ್ಲ; ಗಾಯದಿಂದ ಹೊರಟ ನೋವಿನ ಸಂಕೇತವು ಮಿದುಳನ್ನು ತಲುಪುವ ಮೊದಲೇ ಬೆನ್ನುಹುರಿಯಲ್ಲಿ ಅದರ ಬಲವನ್ನು ಕುಗ್ಗಿಸುತ್ತದೆ.

ಹೊಲಿಗೆಯ ಎರಡೂ ಬದಿಯ ಗಾಯವಿಲ್ಲದ ಚರ್ಮದ ಮೇಲೆ ಅಂಟುಪಟ್ಟಿಗಳನ್ನು ಇರಿಸಿ, ಸೆಕೆಂಡಿಗೆ ಸಾಮಾನ್ಯವಾಗಿ 80ರಿಂದ 100 ಬಾರಿ ಮಿಡಿಯುವ ಅಲ್ಪ ವಿದ್ಯುತ್ತನ್ನು ಹರಿಸಿದಾಗ, ಸ್ಪರ್ಶದ ಸುದ್ದಿಯನ್ನು ಒಯ್ಯುವ ದಪ್ಪ ನರತಂತುಗಳು ಮೊದಲು ಪ್ರಚೋದನೆಗೊಳ್ಳುತ್ತವೆ. ಅವು ಬೆನ್ನುಹುರಿಯಲ್ಲಿರುವ ತಡೆಯೊಡ್ಡುವ ನರಕೋಶಗಳನ್ನು ಚುರುಕುಗೊಳಿಸಿ, ತೆಳುವಾದ ತಂತುಗಳ ಮೂಲಕ ಬರುವ ನೋವಿಗೆ ಬಾಗಿಲನ್ನು ಅರೆಮುಚ್ಚುತ್ತವೆ. ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ 'ದ್ವಾರ ನಿಯಂತ್ರಣ' ಸಿದ್ಧಾಂತದ ತಿರುಳು ಇದೇ. ಅದರ ವಿವರಗಳು ಮುಂದೆ ತಿದ್ದುಪಡಿ ಕಂಡಿವೆಯಾದರೂ, ಮೊಣಕಾಲು ಮೇಜಿಗೆ ತಾಗಿದೊಡನೆ ಉಜ್ಜಿಕೊಂಡರೆ ಹಿತವೆನಿಸುವುದೇಕೆ ಎಂಬುದನ್ನು ಅದು ಇಂದಿಗೂ ಚೆನ್ನಾಗಿ ವಿವರಿಸುತ್ತದೆ.

ಇದರ ನಿಜವಾದ ಉಪಯೋಗ ಕಾಣುವುದು ರೋಗಿ ಅಲುಗಾಡುವಾಗ. ಎದೆಯ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ನೋವಿಗೆ ಅಂಜಿ ಆಳವಾಗಿ ಉಸಿರೆಳೆಯದೆ, ಕೆಮ್ಮನ್ನು ಅದುಮಿಟ್ಟುಕೊಂಡರೆ ಶ್ವಾಸಕೋಶದಲ್ಲಿ ಕಫ ನಿಲ್ಲುತ್ತದೆ. ಹೊಲಿಗೆಯ ಮೇಲೆ ದಿಂಬನ್ನು ಒತ್ತಿ ಹಿಡಿದು ಕೆಮ್ಮುವ ಆ ಗಳಿಗೆಯಲ್ಲಿ ನೋವು ತುಸು ಇಳಿದರೂ ದೊಡ್ಡ ಉಪಕಾರವೇ. ಜುಮ್ಮೆನ್ನುವ ಅನುಭವ ಬಲವಾಗಿರಬೇಕು, ಆದರೆ ನೋಯಬಾರದು. ಅಳುಕಿನಿಂದ ತೀರಾ ಮೆಲ್ಲಗೆ ಹಚ್ಚಿದ ಯಂತ್ರದಿಂದ ಪ್ರಯೋಜನ ಕಡಿಮೆ.

ಇದು ನೋವಿನ ಔಷಧಕ್ಕೆ ಪೂರಕವೇ ಹೊರತು ಬದಲಿಯಲ್ಲ. ಪೇಸ್‌ಮೇಕರ್ ಅಳವಡಿಸಿಕೊಂಡವರು ವೈದ್ಯರನ್ನು ಕೇಳದೆ ಬಳಸಬಾರದು, ಕತ್ತಿನ ಮುಂಭಾಗಕ್ಕಂತೂ ಯಾರೂ ಪಟ್ಟಿಯನ್ನು ಅಂಟಿಸಬಾರದು.