ನಾಲ್ಕು ವೋಲ್ಟಿನ ಟಾರ್ಚಿಗೆ ಲಿಥಿಯಂ ತುರುಕಬೇಡಿ

ಈ ಸಲವೂ ಬ್ಯಾಟರಿ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಚಾರ್ಜಿಂಗ್ ಟಾರ್ಚಿನವೇ. ಅದಕ್ಕೆ ಲಿಥಿಯಂ ಹಾಕಬೇಡಿ ಅಂತ ಹೋದ ಸಲ ಚಿಕ್ಕದಾಗಿ ಹೇಳಿದ್ದು ಸಾಲಲಿಲ್ಲ ಅಂತ ಕಾಣುತ್ತೆ. ಅದಕ್ಕೇ ಇವತ್ತು ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ರಾತ್ರಿ ಕರೆಂಟ್ ಕೊಟ್ಟಾಗ ಕಬ್ಬಿಗೆ ನೀರು ಕಟ್ಟೋಕೆ ಚಾರ್ಜಿಂಗ್ ಟಾರ್ಚ್ ಇಟ್ಕೊಂಡಿದ್ದೀನಿ. ಬ್ಯಾಟರಿ ಹೋಯ್ತು. ರಿಪೇರಿಯವರು ಲಿಥಿಯಂ ಬ್ಯಾಟರಿ ಹಾಕಿಕೊಟ್ಟರು. ಮೊದಲು ಬೆಳಕು ಚೆನ್ನಾಗಿತ್ತು. ಈಗ ಚಾರ್ಜಿಗೆ ಹಾಕಿದರೆ ಬಿಸಿ ಆಗುತ್ತೆ, ಮುಚ್ಚಳ ಸರಿಯಾಗಿ ಕೂರ್ತಿಲ್ಲ. ಏನು ಮಾಡಲಿ?
– ಪಾಂಡವಪುರದ ರೈತರು

ಉತ್ತರ: ಇನ್ನೊಮ್ಮೆ ಚಾರ್ಜಿಗೆ ಹಾಕಲೇಬೇಡಿ. ಮುಚ್ಚಳ ಕೂರುತ್ತಿಲ್ಲ ಅಂದರೆ ಬ್ಯಾಟರಿಯೊಳಗೆ ಗ್ಯಾಸ್ ತುಂಬಿ ಉಬ್ಬಿದೆ. ಒತ್ತಿ ಕೂರಿಸಬೇಡಿ. ಸೂಜಿ ಚುಚ್ಚಿ ಗ್ಯಾಸ್ ಬಿಟ್ಟರೆ ಸರಿಹೋಗುತ್ತೆ ಅನ್ನುವವರ ಮಾತು ಕೇಳಬೇಡಿ. ಚುಚ್ಚಿದರೆ ಒಳಗಿನ ಪದರಗಳು ಶಾರ್ಟ್ ಆಗಿ ಕೈಯಲ್ಲೇ ಹೊತ್ತಿಕೊಳ್ಳಬಹುದು. ಟಾರ್ಚನ್ನು ಮನೆಯಿಂದ ಹೊರಗೆ, ಮರಳು ಹಾಕಿದ ಕಬ್ಬಿಣದ ಬಕೆಟ್‌ನಲ್ಲಿಡಿ. ಹುಲ್ಲಿನ ಮೆದೆ, ಕೊಟ್ಟಿಗೆ ಹತ್ತಿರ ಬೇಡ.

ತಪ್ಪು ಎಲ್ಲಾಯಿತು ಅಂದರೆ, ನಿಮ್ಮ ಟಾರ್ಚಿನಲ್ಲಿ ಮೊದಲು ಇದ್ದದ್ದು 4 ವೋಲ್ಟಿನ ಸೀಸದ ಬ್ಯಾಟರಿ. ಲಿಥಿಯಂ ಸೆಲ್ ಮೇಲೆ 3.7 ಅಂತ ಬರೆದಿರುತ್ತೆ. ಎರಡೂ ಹತ್ತಿರ ಹತ್ತಿರ ಇದೆಯಲ್ಲ, ನಡೆಯುತ್ತೆ ಅಂತ ಹಾಕಿಬಿಡುತ್ತಾರೆ. ನೋಡಬೇಕಾದ್ದು ಆ ನಂಬರನ್ನಲ್ಲ, ಚಾರ್ಜರನ್ನು. ಇಂಥ ಟಾರ್ಚಿನ ಒಳಗೆ ಏನಿರುತ್ತೆ ಹೇಳುತ್ತೇನೆ. ಗೋಡೆಗೆ ಚುಚ್ಚುವ ಪಿನ್ನಿನ ಹಿಂದೆ ಕರೆಂಟ್ ತಗ್ಗಿಸುವ ಒಂದು ಕೆಪಾಸಿಟರ್, ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್, ಒಂದು ಕೆಂಪು ಲೈಟ್. ಹೆಚ್ಚಿನವುಗಳಲ್ಲಿ ಅಷ್ಟೇ ಇರೋದು. ಬ್ಯಾಟರಿ ತುಂಬಿತು, ಸಾಕು ಅಂತ ನಿಲ್ಲಿಸುವ ಕಟ್‌ಆಫ್ ಇಲ್ಲವೇ ಇಲ್ಲ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ 4.8 ವೋಲ್ಟಿನವರೆಗೂ ಹೋಗುತ್ತೆ, ಜಾಸ್ತಿಯಾದರೆ ನೀರಿನಂಶ ಒಣಗಿ ಸಾಯುತ್ತೆ. ಲಿಥಿಯಂ ಸೆಲ್ 4.2 ವೋಲ್ಟಿಗೆ ನಿಲ್ಲಲೇಬೇಕು. ಅದನ್ನು ದಾಟಿದರೆ ಬಿಸಿ, ಗ್ಯಾಸ್, ಆಮೇಲೆ ಬೆಂಕಿ. ರಾತ್ರಿಯೆಲ್ಲ ಪ್ಲಗ್ಗಿನಲ್ಲೇ ಬಿಟ್ಟು ಮಲಗುವವರು ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು. ನನ್ನ ಹೆದರಿಕೆ ಅದೇ.

ಇನ್ನೊಂದು ಮಾತು. ಈ ಸರ್ಕ್ಯೂಟಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, 230 ವೋಲ್ಟ್ ನೇರವಾಗಿ ಒಳಗಿರುತ್ತೆ. ಪ್ಲಗ್ಗಿನಲ್ಲಿದ್ದಾಗ ಬಿಚ್ಚಿ ಮುಟ್ಟಬೇಡಿ.

ಹೊಸದಾಗಿ ಅದೇ 4 ವೋಲ್ಟಿನ ಸೀಸದ ಬ್ಯಾಟರಿ ಹಾಕಿಸಿ, ಸಾಕು. ಖಾಲಿ ಮಾಡಿ ತಿಂಗಳುಗಟ್ಟಲೆ ಮೂಲೆಗೆ ಎಸೆಯಬೇಡಿ, ಅದು ಬೇಗ ಸಾಯುವುದು ಅದಕ್ಕೇ. ಲಿಥಿಯಮ್ಮೇ ಬೇಕು ಅಂತಿದ್ದರೆ ಹಳೇ ಪಿನ್ ಚಾರ್ಜರ್ ಪೂರ್ತಿ ಕಿತ್ತು, ಪ್ರೊಟೆಕ್ಷನ್ ಇರುವ ಟಿಪಿ 4056 ಮಾಡ್ಯೂಲ್ (4.2 ವೋಲ್ಟಿಗೆ ಚಾರ್ಜ್ ನಿಲ್ಲಿಸುವ ಚಿಕ್ಕ ಬೋರ್ಡ್) ಹಾಕಿಸಿ ಮೊಬೈಲ್ ಚಾರ್ಜರಿನಿಂದ ಚಾರ್ಜ್ ಮಾಡಿ. ಆ ಮಾಡ್ಯೂಲ್ 1 ಆಂಪಿಯರ್ ಕೊಡುತ್ತೆ, ಹಾಗಾಗಿ ಚಾರ್ಜ್ ಹಿಡಿಯುವ ಸಾಮರ್ಥ್ಯ 1000 ಎಂಎಎಚ್‌ಗಿಂತ ಕಡಿಮೆ ಇರುವ ಸೆಲ್ ಬೇಡ. ಇದನ್ನು ಮಾಡಲು ಬಾರದ ರಿಪೇರಿಯವರು ಲಿಥಿಯಂ ಮುಟ್ಟಬಾರದು.

ಪ್ರಶ್ನೆ: ಸತ್ತ ಲಿಥಿಯಂ ಸೆಲ್‌ಗೆ ಬೈಕ್ ಬ್ಯಾಟರಿಯಿಂದ ಜಟ್ಕಾ ಕೊಟ್ಟರೆ ಏಳುತ್ತಂತೆ, ನಿಜವಾ?
– ಮದ್ದೂರು

ಉತ್ತರ: ಏಳುತ್ತೆ, ಅದೇ ಅಪಾಯ. ತೀರಾ ಖಾಲಿಯಾದ ಸೆಲ್‌ನೊಳಗೆ ತಾಮ್ರ ಕರಗಿರುತ್ತೆ, ಮತ್ತೆ ಚಾರ್ಜ್ ಮಾಡಿದಾಗ ಒಳಗೇ ಶಾರ್ಟ್ ಆಗಬಹುದು. ಮೀಟರಿನಲ್ಲಿ 2 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಮತ್ತೆ ಬಳಸಬೇಡಿ.

ಪ್ರಶ್ನೆ: 9900 ಎಂಎಎಚ್ ಅಂತ ಬರೆದ 18650 ಸೆಲ್ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ ಸೆಲ್) ಅಗ್ಗಕ್ಕೆ ಸಿಕ್ಕಿದೆ, ತಗೊಳ್ಳಲಾ?
– ಮೈಸೂರು

ಉತ್ತರ: ಬೇಡ. ಆ ಅಳತೆಯ ಸೆಲ್ 4000 ದಾಟುವುದೇ ಅಪರೂಪ, 9900 ಶುದ್ಧ ಸುಳ್ಳು.

ಪ್ರಶ್ನೆ: ಇ-ಸಿಗರೇಟಿನ ಬ್ಯಾಟರಿ ಚಾರ್ಜ್ ಹಿಡೀತಿಲ್ಲ, ಕಾರ್ಟ್ರಿಜ್ ಬದಲಾಯಿಸಿದೆ, ಆದರೂ ಇಲ್ಲ.
– ಮೈಸೂರು, ವಿದ್ಯಾರ್ಥಿ

ಉತ್ತರ: ನಮ್ಮ ದೇಶದಲ್ಲಿ 2019ರ ಕಾಯ್ದೆಯಿಂದ ಅದರ ಮಾರಾಟವೇ ನಿಷೇಧ. ನಾನು ರಿಪೇರಿ ಹೇಳಿಕೊಡುವುದಿಲ್ಲ. ಒಳಗಿನ ಸೆಲ್ ಕಿತ್ತು ಬೇರೆಯದಕ್ಕೆ ಹಾಕುವ ಯೋಚನೆಯನ್ನೂ ಬಿಡಿ.

ಪ್ರಶ್ನೆ: ಹಳೇ ಬ್ಯಾಟರಿ ಎಲ್ಲಿ ಹಾಕೋದು?
– ಶ್ರೀರಂಗಪಟ್ಟಣ

ಉತ್ತರ: ಸೀಸದ್ದನ್ನು ಬ್ಯಾಟರಿ ಅಂಗಡಿಗೆ ಕೊಡಿ, ತೂಕಕ್ಕೆ ದುಡ್ಡು ಕೊಡುತ್ತಾರೆ. ಲಿಥಿಯಂ ಆದರೆ ಎರಡೂ ತುದಿಗೆ ಟೇಪ್ ಸುತ್ತಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕಸದ ಗಾಡಿಗೆ ಹಾಕಬೇಡಿ, ಗಾಡಿಯಲ್ಲಿ ಕಸ ಒತ್ತುವಾಗ ಬೆಂಕಿ ಹತ್ತಬಹುದು.