ಸಂಪಾದಕರ ಉತ್ತರ: ಬಿಸಿನೆಸ್ ಯಾರ ಹತ್ತಿರ ಕಲಿಯೋದು?

ಬಾಗಲಕೋಟೆ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ. ನಾಲ್ಕು ಜನ ಹೆಂಗಸರನ್ನು ಇಟ್ಟುಕೊಂಡು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಅಂಗಡಿಗಳಿಗೆ ಹಾಕುತ್ತಾರೆ. ವ್ಯಾಪಾರ ಇದೆ, ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ. ಬೆಂಗಳೂರಿನಲ್ಲಿ ಮೂರು ದಿನದ ಬಿಸಿನೆಸ್ ಕಾರ್ಯಾಗಾರ, ಫೀಸು 40 ಸಾವಿರ. ಈ ವಾರ ಕಟ್ಟಿದರೆ ಅರ್ಧವಂತೆ. ಹೋಗಲೋ ಬೇಡವೋ ಅಂತ ಕೇಳಿದ್ದಾರೆ.

ನಮಸ್ಕಾರ. ಅರ್ಧ ಉತ್ತರ ನಿಮ್ಮ ಕಾಗದದಲ್ಲೇ ಇದೆ. ಕೊನೆಯಲ್ಲಿ ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ: ಅಂಗಡಿಯವರು ದುಡ್ಡು ಕೊಡೋದು ಎರಡು ತಿಂಗಳಿಗೆ, ಮುರಿದ ರೊಟ್ಟಿ ವಾಪಸ್. ಜೋಳ, ಶೇಂಗಾ ತರುವಾಗ ಮಾತ್ರ ನೀವು ನಗದು ಎಣಿಸುತ್ತೀರಿ. ದುಡ್ಡು ನಿಲ್ಲದಿರೋದಕ್ಕೆ ಇದೇ ಕಾರಣ ಅಲ್ವಾ? ನಿಮಗೆ ಬೇಕಾಗಿರೋದು ಉದ್ರಿ ವಸೂಲಿ ಗೊತ್ತಿರುವವರು, ಪ್ಯಾಕಿಂಗ್ ಗೊತ್ತಿರುವವರು. ಇಬ್ಬರೂ ಒಬ್ಬರೇ ಆಗಿರಬೇಕಿಲ್ಲ.

ನೀವು ಕಳಿಸಿದ ಕರಪತ್ರದಲ್ಲಿ ಈ ಎರಡೂ ಇಲ್ಲ. ಇಂಥ ಕಡೆ ಇನ್ಫೋಸಿಸ್ 1981ರಲ್ಲಿ 10 ಸಾವಿರ ರೂಪಾಯಿಯಿಂದ ಶುರುವಾದ ಕತೆ ಹೇಳುವವರು ಜಾಸ್ತಿ. ನಿಜವಾದ ಕತೆಯೇ, ಕೇಳೋಕೂ ಚೆಂದ. ಆದರೆ ಅದರಿಂದ ನಿಮ್ಮ ಬಾಕಿ ಬರೋದಿಲ್ಲ. ಫೋನ್ ಮಾಡಿ ಎರಡು ಮಾತು ಕೇಳಿ. ಹೇಳಿಕೊಡುವವರ ಸಂಪಾದನೆಯಲ್ಲಿ ವ್ಯಾಪಾರದ್ದೆಷ್ಟು, ಕಾರ್ಯಾಗಾರದ್ದೆಷ್ಟು? ಹೋದ ವರ್ಷ ಕಲಿತವರಲ್ಲಿ ತಿಂಡಿ ತಿನಿಸು ಮಾಡುವವರು ಯಾರಿದ್ದಾರೆ, ಅವರ ಹತ್ತಿರ ಮಾತಾಡಬಹುದಾ? ಉತ್ತರದ ಬದಲು ‘ಆಫರ್ ಮುಗಿಯುತ್ತೆ’ ಅಂದರೆ ಫೋನ್ ಇಟ್ಟುಬಿಡಿ.

ಉದ್ರಿ ವಿಷಯಕ್ಕೆ ನನ್ನ ಪ್ರಕಾರ ಒಳ್ಳೆಯ ಮೇಷ್ಟ್ರು ಅದೇ ಅಂಗಡಿಗಳಿಗೆ ವಾರ ವಾರ ಬರುವ ಬಿಸ್ಕತ್ತು ಕಂಪನಿಯ ಲೈನ್ ಸೇಲ್ಸ್‌ಮನ್. ಹಳೇ ಬಿಲ್ಲಿನ ದುಡ್ಡು ಕೈಗೆ ಬಂದ ಮೇಲೆ ಹೊಸ ಮಾಲು ಇಳಿಸೋದು ಹೇಗೆ, ಅಂಗಡಿಯವರ ಮುಖ ಕೆಡದ ಹಾಗೆ ಬಾಕಿ ಕೇಳೋದು ಹೇಗೆ, ಯಾವ ಅಂಗಡಿಯನ್ನು ಬಿಡಬೇಕು, ಇದೆಲ್ಲ ಅವರ ದಿನದ ಕೆಲಸ. ಒಂದು ಚಹಾ ಕುಡಿಸಿ ಕೇಳಿ. ದೊಡ್ಡ ಮಳಿಗೆಗಳಿಗೆ ಹಾಕುವುದಾದರೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಹೆಸರು ಬರೆಸೋದು, ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾನೂನಿನ ಪ್ರಕಾರ, ಕರಾರು ಏನೇ ಇದ್ದರೂ ಅವರು 45 ದಿನದೊಳಗೆ ದುಡ್ಡು ಕೊಡಬೇಕು. ಈ ನೋಂದಣಿ ಪೂರ್ತಿ ಉಚಿತ. ಸರ್ಕಾರಿ ಫೀಸು ಅಂತ ಯಾರಾದರೂ ಇದಕ್ಕೆ ಸಾವಿರಗಟ್ಟಲೆ ಕೇಳಿದರೆ ಅವರಿಂದ ಬೇರೇನೂ ಕಲಿಯಬೇಡಿ.

ಪ್ಯಾಕಿಂಗಿಗೆ ನಿಮ್ಮ ಊರಿನ ರೊಟ್ಟಿಯವರನ್ನು ಕೇಳಬೇಡಿ. ಅವರು ಹೇಳೋದಿಲ್ಲ, ಹೇಳಬೇಕಾಗಿಯೂ ಇಲ್ಲ. ಕಲಬುರಗಿ ಕಡೆ ಹೋಗಿ. ನಿಮ್ಮ ಅವರ ಗಿರಾಕಿಗಳು ಬೇರೆ, ಬಾಯಿ ಬಿಡುತ್ತಾರೆ. ರೊಟ್ಟಿ ಎಷ್ಟು ಹೊತ್ತು ಆರಲು ಬಿಡುತ್ತಾರೆ, ಒಂದು ಕಟ್ಟಿಗೆ ಎಷ್ಟು ಹಾಕುತ್ತಾರೆ, ಬಸ್ಸಿಗೆ ಹಾಕುವಾಗ ಬಾಕ್ಸಿನಲ್ಲಿ ಏನು ತುಂಬುತ್ತಾರೆ, ನಿಂತು ನೋಡಿ. ವ್ಯಾಪಾರ ಮುಚ್ಚಿದವರು ಸಿಕ್ಕರೆ ಅವರನ್ನೂ ಮಾತಾಡಿಸಿ. ಚಟ್ನಿ ಕಮಟು ವಾಸನೆ ಬರುತ್ತೆ ಅಂದಿದ್ದೀರಲ್ಲ, ಅದಕ್ಕೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಕಿರು ತರಬೇತಿಗಳಿವೆ.

ಲೆಕ್ಕ, ಬ್ಯಾಂಕ್ ಸಾಲದ ದಾರಿ ಬೇಕಾದರೆ ಆರ್‌ಸೆಟಿ ಇದೆ, ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರು ಎರಡು ಬ್ಯಾಂಕುಗಳ ಜೊತೆ ಶುರುಮಾಡಿದ ರುಡ್‌ಸೆಟ್ ಮಾದರಿ ಅದು. ಊಟ, ವಸತಿ, ತರಬೇತಿ ಎಲ್ಲ ಉಚಿತ.

ಕಾರ್ಯಾಗಾರಕ್ಕೆ ಇಟ್ಟ 20 ಸಾವಿರದಲ್ಲಿ ಕಲಬುರಗಿಗೆ ಹೋಗಿ ಬಂದು, ಕೈಯಲ್ಲಿ ಒತ್ತುವ ಒಂದು ಸೀಲಿಂಗ್ ಮಷೀನ್ ತಂದರೂ ದುಡ್ಡು ಮಿಗುತ್ತದೆ.